ಮಸ್ಕಿಯ ಬಂಡೆಯೂ ಎಮ್ಮಾವಿನ ದಾರಿಯೂ



ಪಾಸ್ಕ ಹಬ್ಬಕ್ಕೆ ಮುನ್ನ ಧರ್ಮಸಭೆ ನಮಗೆ ನಲವತ್ತು ದಿನಗಳ ತಪಸ್ಸುಕಾಲವನ್ನು ಕೊಟ್ಟಿದೆ. ನಲವತ್ತು ದಿನಗಳೇಕೆ? ಒಂದು ದಿನದ ಉಪವಾಸ, ಒಂದು ದಿನದ ಪ್ರಾರ್ಥನೆ ಸಾಲದೇ? ಮನಸ್ಸು ಒಂದೇ ದಿನದಲ್ಲಿ ತಿರುಗುವುದಿಲ್ಲ ಎಂಬುದನ್ನು ಮಾತೆ ಧರ್ಮಸಭೆ ಬಲ್ಲಳು. ಈ ಮಾತಿಗೆ ನಮ್ಮ ರಾಯಚೂರು ಸೀಮೆಯಲ್ಲೇ ಒಂದು ಕಲ್ಲಿನ ಸಾಕ್ಷಿಯಿದೆ.

ತುಂಗಭದ್ರೆಯ ದಡದ ಮುಕ್ಕುಂದದಿಂದ ಸಿಂಧನೂರಿಗೆ ಬಂದು ಲಿಂಗಸುಗೂರಿನ ದಾರಿ ಹಿಡಿದರೆ ನಡುವೆ ಮಸ್ಕಿ ಸಿಗುತ್ತದೆ. ಅಲ್ಲಿನ ಗುಡ್ಡದ ಬಂಡೆಯೊಂದರ ಮೇಲೆ ಕ್ರಿ.ಪೂ. 3ನೇ ಶತಮಾನದ ಬರಹವಿದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕುರಿ ಕಾಯುವವರು, ಹೊಲಕ್ಕೆ ಹೋಗುವವರು ತಲೆತಲಾಂತರದಿಂದ ಅದರ ಪಕ್ಕದಲ್ಲೇ ಹಾದುಹೋಗಿರಬೇಕು. ಆದರೆ ಲಿಪಿಯೇ ಮರೆತುಹೋಗಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದ ಮೇಲೆ ದೇಶದ ಹಲವು ಬಂಡೆಗಳು ಬಾಯಿಬಿಟ್ಟವು. ಮಸ್ಕಿಯ ಬಂಡೆ 1915ರವರೆಗೆ ಕಾಯಬೇಕಾಯಿತು. ಆ ವರ್ಷ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅದನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು.

ಅಶೋಕನೆಂದರೆ ನಮಗೆ ನೆನಪಾಗುವುದು ಕಳಿಂಗ ಯುದ್ಧ. ಪಟ್ಟಾಭಿಷೇಕವಾಗಿ 8 ವರ್ಷಗಳಾದಾಗ ನಡೆದ ಆ ಯುದ್ಧದಲ್ಲಿ ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನ ಸೆರೆಯಾಗಿ ಹೋದರು ಎಂದು ಅವನ 13ನೇ ಬಂಡೆಗಲ್ಲು ಶಾಸನವೇ ಹೇಳುತ್ತದೆ. ರಣರಂಗವನ್ನು ಕಂಡ, ಮರುಗಿದ, ಬದಲಾದ ಎಂದು ಶಾಲೆಯ ಪಾಠ ಮುಗಿದುಬಿಡುತ್ತದೆ. ಆದರೆ ಮಸ್ಕಿಯ ಶಾಸನದ ಕಥೆ ಅಷ್ಟು ಸರಳವಲ್ಲ. ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷಗಳ ಮೇಲಾಯಿತು ಎನ್ನುತ್ತಾನೆ ಅರಸ. ಮಸ್ಕಿಯಲ್ಲಿ ಕೆಲವು ಅಕ್ಷರಗಳು ಸವೆದಿವೆ. ಇದೇ ಶಾಸನದ ಇನ್ನೊಂದು ಪಾಠ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿದೆ. ಅದರಂತೆ, ಮೊದಲ ಒಂದು ವರ್ಷ ಅವನು ಹೆಚ್ಚಿನ ಶ್ರದ್ಧೆ ತೋರಲಿಲ್ಲ. ಸಂಘದ ಹತ್ತಿರಕ್ಕೆ ಬಂದ ಮೇಲಷ್ಟೇ, ಒಂದು ವರ್ಷಕ್ಕೂ ಮೇಲ್ಪಟ್ಟು, ಮನಸ್ಸಿಟ್ಟು ಶ್ರಮಿಸಿದ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಅರಸರು ಕಲ್ಲಿನ ಮೇಲೆ ಕೊರೆಸುವುದು ಗೆಲುವನ್ನು, ದಾನವನ್ನು, ವಂಶದ ಹೆಗ್ಗಳಿಕೆಯನ್ನು. ಈ ಅರಸ ಕೊರೆಸಿದ್ದು ವ್ಯರ್ಥವಾಗಿ ಕಳೆದ ಒಂದು ವರ್ಷವನ್ನು! ಅವನು ನಡೆದದ್ದು ಬುದ್ಧನ ಹಾದಿ. ಅದನ್ನು ಅದರದೇ ಗೌರವದಿಂದ ಕಾಣೋಣ. ಆದರೂ ತಡವಾದುದನ್ನು ಮುಚ್ಚಿಡದೆ ಹೇಳುವ ಆ ಧೈರ್ಯ ನಮಗೂ ಪಾಠ.

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಇದಕ್ಕೆ ವಿರುದ್ಧವಾದ ಒಬ್ಬ ಅಧಿಕಾರಿಯನ್ನು ಕಾಣುತ್ತೇವೆ. ಕೈಸರೇಯದ ರಾಜ್ಯಪಾಲ ಫೆಲಿಕ್ಸ್ ಸೆರೆಯಲ್ಲಿದ್ದ ಸಂತ ಪೌಲರ ಬೋಧನೆ ಕೇಳಿ ನಡುಗಿದ. ಆ ನಡುಕವೇ ಅವನ ಘಳಿಗೆ. ಆದರೆ ಬಿಡುವಾದಾಗ ಕರೆಸುತ್ತೇನೆಂದು ಪೌಲರನ್ನು ಕಳುಹಿಸಿಬಿಟ್ಟ. ಆಮೇಲೆ ಮತ್ತೆ ಮತ್ತೆ ಕರೆಸಿದ್ದೂ ನಿಜ, ಲಂಚ ಸಿಕ್ಕೀತೆಂಬ ಆಸೆಯಿಂದ! ಎರಡು ವರ್ಷ ಕಳೆಯಿತು, ಅಧಿಕಾರ ಹೋಯಿತು, ಪೌಲರು ಸೆರೆಯಲ್ಲೇ ಉಳಿದರು. ಅಶೋಕನಿಗೂ ತಡವಾಯಿತು, ಫೆಲಿಕ್ಸನಿಗೂ ತಡವಾಯಿತು. ಒಬ್ಬ ತಡವಾದುದನ್ನು ಒಪ್ಪಿಕೊಂಡ; ಇನ್ನೊಬ್ಬ ನಾಳೆ ಎನ್ನುತ್ತಲೇ ಉಳಿದ.

ಪುನರುತ್ಥಾನದ ದಿನ ಎಮ್ಮಾವಿಗೆ ಹೊರಟ ಶಿಷ್ಯರಿಬ್ಬರನ್ನು ನೆನೆಯೋಣ. ಸುಮಾರು 11 ಕಿಲೋಮೀಟರ್ ದಾರಿ. ಪ್ರಭುವೇ ಜೊತೆಯಲ್ಲಿ ನಡೆದರೂ ಗುರುತಿಸಲಿಲ್ಲ. ರೊಟ್ಟಿ ಮುರಿದಾಗ ಕಣ್ಣು ತೆರೆಯಿತು. ಅಷ್ಟರಲ್ಲಿ ಪ್ರಭು ಕಣ್ಮರೆಯಾಗಿದ್ದರು. ದಾರಿಯುದ್ದಕ್ಕೂ ಹೃದಯ ಬೆಚ್ಚಗಾಗಿತ್ತೆಂಬುದು ಅವರಿಗೆ ತಿಳಿದದ್ದು ಆಮೇಲೆ. ಕೈತಪ್ಪಿತೆಂದು ಅವರು ಕೊರಗುತ್ತ ಕೂರಲಿಲ್ಲ. ಕತ್ತಲಾಗುತ್ತಿದ್ದರೂ ಎದ್ದು ಜೆರುಸಲೇಮಿಗೆ, ಹನ್ನೊಂದು ಮಂದಿ ಪ್ರೇಷಿತರ ಬಳಿಗೆ ಮರಳಿದರು. ಅಶೋಕನ ಶ್ರದ್ಧೆ ಚಿಗುರಿದ್ದೂ ಸಂಘದ ಸಹವಾಸದಲ್ಲಿ. ಮನಸ್ಸಿನ ಮಾರ್ಪಾಡಿಗೆ ಜೊತೆಗಾರರು ಬೇಕು. ಲಿಂಗಸುಗೂರು ತಾಲ್ಲೂಕಿನ ಮುದಗಲ್‌ನಲ್ಲಿ ಆದಿಲ್‌ಶಾಹಿಗಳ ಕಾಲದಿಂದ ಕಥೋಲಿಕ ವಿಶ್ವಾಸ ಉಳಿದುಬಂದಿದೆ. ಒಬ್ಬೊಬ್ಬರ ಮನೆಯ ಜಪ ಊರಿನ ಜಪವಾಗಿ, ತಾಯಿಯಿಂದ ಮಕ್ಕಳಿಗೆ ದಾಟದಿದ್ದರೆ ಇಷ್ಟು ಕಾಲ ಅದು ಉಳಿಯುತ್ತಿತ್ತೇ?

ನಮ್ಮ ಬಾಳಿನಲ್ಲೂ ಮುಂದೂಡಿದ ಘಳಿಗೆಗಳಿವೆ. ಹೊಲದ ಪಾಲಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು, ವರ್ಷದಿಂದ ವರ್ಷಕ್ಕೆ ತಳ್ಳಿದ ಪಾಪನಿವೇದನೆ, ಕಪಾಟಿನಲ್ಲೇ ಉಳಿದ ಪವಿತ್ರ ಬೈಬಲ್. ಮಸ್ಕಿಯ ಬಂಡೆಯಂತೆ ದೇವರ ಮಾತು ಪಕ್ಕದಲ್ಲೇ ಇದೆ. ನಿಂತು ಓದುವವರು ಬೇಕು. ದೊಡ್ಡವರಿಗೆ ಮಾತ್ರ ಇದು ಸಾಧ್ಯವೆಂದು ತಿಳಿಯಬೇಡಿ, ಧರ್ಮದಲ್ಲಿ ನಿರತನಾದ ಸಣ್ಣವನಿಗೂ ಸಾಧ್ಯ ಎಂಬರ್ಥದ ಮಾತು ಆ ಶಾಸನದಲ್ಲಿದೆ. ಬೆಸ್ತರನ್ನು ಕರೆದ ಪ್ರಭು ಯೇಸುವಿನ ಮಕ್ಕಳಾದ ನಾವು ಇದನ್ನು ಬೇಗ ಅರಿಯಬೇಕಲ್ಲವೇ?

ಈ ಹಬ್ಬದೊಳಗೆ, ಮುಂದೂಡಿದ ಒಂದೇ ಒಂದು ಕೆಲಸವನ್ನು ಕೈಗೆತ್ತಿಕೊಳ್ಳೋಣ. ಎಮ್ಮಾವಿನ ದಾರಿಯಲ್ಲಿ ಜೊತೆಯಾದ ಪ್ರಭು ನಮ್ಮ ಜೊತೆಗೂ ನಡೆಯಲಿ.