ಮೇಪಲ್ ಮರದ ಬೆಲ್ಲ ಮತ್ತು ಗುಲಾಮರ ಸಕ್ಕರೆ

ಕಳೆದ ವಾರ ಏಳನೇ ತರಗತಿಯಲ್ಲಿ ಅಟ್ಲಾಸ್ ಬಿಡಿಸಿ ಬಾವುಟಗಳನ್ನು ನೋಡುತ್ತಿದ್ದೆವು. "ಸರ್, ಕೆನಡಾದವರು ಬಾವುಟದಲ್ಲಿ ಎಲೆ ಯಾಕೆ ಹಾಕಿದ್ದಾರೆ?" ಎಂದು ಒಬ್ಬಳು ಕೇಳಿದಳು. ಅದು ಮೇಪಲ್ ಎಲೆ, ಆ ಮರದ ರಸ ಕಾಸಿ ಅಲ್ಲಿ ಬೆಲ್ಲ ಮಾಡುತ್ತಿದ್ದರು ಎಂದೆ. ಕಬ್ಬಿಲ್ಲದೆ ಬೆಲ್ಲವೇ ಎಂದು ಮಕ್ಕಳು ನಕ್ಕರು. ನಮ್ಮ ಓಲೆಬೆಲ್ಲವನ್ನು ನೆನಪಿಸಿದ ಮೇಲೆ ಸುಮ್ಮನಾದರು. ಅಂದು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೇಪಲ್ ರಸ ಇಳಿಯುವುದು ಚಳಿಗಾಲದ ಕೊನೆಯ ಕೆಲವು ವಾರ ಮಾತ್ರ. ರಾತ್ರಿ ನೀರು ಹೆಪ್ಪುಗಟ್ಟಬೇಕು, ಹಗಲು ಬಿಸಿಲಿಗೆ ಕರಗಬೇಕು. ಆಗ ಕಾಂಡದೊಳಗೆ ಒತ್ತಡ ಹುಟ್ಟಿ, ಕೊರೆದ ತೂತಿನಿಂದ ರಸ ತೊಟ್ಟಿಕ್ಕುತ್ತದೆ. ಅದರಲ್ಲಿ ಸಕ್ಕರೆ ಶೇಕಡಾ 2ರಷ್ಟು ಮಾತ್ರ. ಸುಮಾರು 40 ಲೀಟರ್ ರಸ ಕುದಿಸಿದರೆ 1 ಲೀಟರ್ ಪಾಕ. ನಮ್ಮ ಜೋನಿಬೆಲ್ಲದ ಹಾಗೆ. ಇನ್ನೂ ಕಾಸಿದರೆ ಗಟ್ಟಿ ಸಕ್ಕರೆ.

ಈ ವಿದ್ಯೆ ಯುರೋಪಿನವರದಲ್ಲ, ಒಜಿಬ್ವೆ, ಇರೊಕ್ವಾ ಮೊದಲಾದ ಮೂಲನಿವಾಸಿಗಳದ್ದು. ಅವರು ಭೂರ್ಜದ ತೊಗಟೆಯ ಪಾತ್ರೆಗಳಲ್ಲಿ ರಸ ಹಿಡಿಯುತ್ತಿದ್ದರು. ಒಜಿಬ್ವೆ ಜನ ರಸ ಕಾಸುವ ತಿಂಗಳಿಗೇ ಆ ಕೆಲಸದ ಹೆಸರಿಟ್ಟಿದ್ದಾರೆ. ಕಬ್ಬಿಣದ ಕೊಪ್ಪರಿಗೆ ಬಂದದ್ದು ಯುರೋಪಿನವರಿಂದ.

ಈಗ 1791ಕ್ಕೆ ಬನ್ನಿ. ಕೆರಿಬಿಯನ್ ದ್ವೀಪಗಳ ಕಬ್ಬಿನ ಗದ್ದೆಗಳಲ್ಲಿ ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ದುಡಿದು ಸಾಯುತ್ತಿದ್ದರು. ಆ ವರ್ಷ ಬ್ರಿಟನ್ನಿನ ಸಂಸತ್ತು ಗುಲಾಮರ ವ್ಯಾಪಾರ ನಿಲ್ಲಿಸುವ ಮಸೂದೆಯನ್ನು ತಿರಸ್ಕರಿಸಿದಾಗ, ಅಲ್ಲಿನ ಸಾವಿರಾರು ಮನೆಗಳು ಆ ಸಕ್ಕರೆಯನ್ನೇ ಬಿಟ್ಟವು. ಅಮೆರಿಕದಲ್ಲಿ ಬೆಂಜಮಿನ್ ರಶ್ ಎಂಬ ವೈದ್ಯರು, ಮೇಪಲ್ ಸಕ್ಕರೆ ಹೆಚ್ಚಿದರೆ ಗುಲಾಮರ ಸಕ್ಕರೆ ಬೇಕಾಗದು ಎಂದು ಥಾಮಸ್ ಜೆಫರ್ಸನ್ ಅವರಿಗೆ ದೀರ್ಘ ಪತ್ರ ಬರೆದರು. ಜೆಫರ್ಸನ್ ಮೇಪಲ್ ಸಸಿಗಳನ್ನು ತರಿಸಿ ತಮ್ಮ ತೋಟದಲ್ಲಿ ನೆಡಿಸಿದರು. ಹೆಚ್ಚಿನವು ಸತ್ತವು. ಆ ತೋಟದಲ್ಲಿ ದುಡಿಯುತ್ತಿದ್ದವರೂ ಗುಲಾಮರೇ! ಜೀವಮಾನದಲ್ಲಿ ಜೆಫರ್ಸನ್ ಆರುನೂರಕ್ಕೂ ಹೆಚ್ಚು ಜನರ ಒಡೆಯರಾಗಿದ್ದರು.

ಮೇಪಲ್ ಸಕ್ಕರೆ ಕಬ್ಬಿನ ಸಕ್ಕರೆಯನ್ನು ಸೋಲಿಸಲಿಲ್ಲ. ಅಮೆರಿಕದಲ್ಲಿ ಗುಲಾಮಗಿರಿ ಕೊನೆಯಾದದ್ದು ಅಂತರ್ಯುದ್ಧದ ನಂತರ, 1865ರಲ್ಲಿ. ಇಂದು ಲೋಕದ ಮೇಪಲ್ ಪಾಕದ ಬಹುಪಾಲು ಕೆನಡಾದ ಕ್ವಿಬೆಕ್‌ನಿಂದ ಬರುತ್ತದೆ.

"ಪಾಪ, ಅಲ್ಲಿಯವರು ಎಷ್ಟು ಕ್ರೂರಿಗಳು ಸರ್" ಎಂದನೊಬ್ಬ ಹುಡುಗ. ಅಷ್ಟಕ್ಕೆ ಪಾಠ ಮುಗಿಸಲು ನನಗೆ ಮನಸ್ಸಾಗಲಿಲ್ಲ. 1801ರಲ್ಲಿ ಮಲಬಾರಿನಿಂದ ನಮ್ಮ ಕಾಸರಗೋಡಿನ ದಾರಿಯಾಗಿ ಮಂಗಳೂರಿಗೆ ಹೋದ ಫ್ರಾನ್ಸಿಸ್ ಬುಕಾನನ್, ಇಲ್ಲಿನ ಗದ್ದೆಗಳಲ್ಲಿ ದುಡಿಯುವವರನ್ನು ಮಾರುವ, ಒತ್ತೆಯಿಡುವ ಪದ್ಧತಿಯನ್ನು ದಾಖಲಿಸಿದ್ದಾನೆ. ಅದಕ್ಕೆ ಕಾನೂನಿನ ಬೆಂಬಲ ತಪ್ಪಿದ್ದು 1843ರಲ್ಲಿ. ಅದೇ ಹೊತ್ತಿಗೆ, 19ನೆಯ ಶತಮಾನದ ಆರಂಭದಲ್ಲಿ, ಇಂಗ್ಲೆಂಡಿನಲ್ಲಿ ನಮ್ಮ ದೇಶದ ಸಕ್ಕರೆಯನ್ನು ಗುಲಾಮರು ಮಾಡಿದ್ದಲ್ಲವೆಂದು ಬಟ್ಟಲುಗಳ ಮೇಲೆ ಬರೆಸಿ ಇಡುತ್ತಿದ್ದರು.

ಇದನ್ನು ಹೇಳಿದಾಗ ತರಗತಿ ಮೌನವಾಯಿತು. ಮನೆಕೆಲಸ ಕೊಟ್ಟೆ: ಊರಿನ ಮೂರ್ತೆಯವರನ್ನು, ಹಿರಿಯರನ್ನು ಕೇಳಿ, ಓಲೆಬೆಲ್ಲ ಹೇಗೆ ಕಾಸುತ್ತಿದ್ದರು, ಮರ ಯಾರದ್ದು, ಕೂಲಿ ಎಷ್ಟು ಎಂದು ಬರೆದು ತನ್ನಿ. ಸೋಮವಾರ ಓದೋಣ.