ಮಳೆಗಾಲದ ಕಾಡಿಗೆ ಕ್ಯಾಮೆರಾ ಬಂದ ಬಗೆ

ಸಹ್ಯಾದ್ರಿಯ ನೆತ್ತಿಯಲ್ಲಿರುವ ಕ್ಯಾಸಲ್‌ರಾಕಿನ ಸುತ್ತ ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ, ಜೊಯಿಡಾ ದಾಂಡೇಲಿಗಳನ್ನು ದಾಟಿ ಹಳಿಯಾಳ ಮುಂಡಗೋಡಗಳ ಬಯಲನ್ನು ಮುಟ್ಟುವ ಹೊತ್ತಿಗೆ ಕಾಲುಭಾಗದಷ್ಟಾಗುತ್ತದೆ. ಅದಕ್ಕೆ ಅನುಗುಣವಾಗಿ ಪಶ್ಚಿಮದಲ್ಲಿ ನಿತ್ಯಹರಿದ್ವರ್ಣದ ಕಾಡು, ಪೂರ್ವದಲ್ಲಿ ತೇಗ ಬಿದಿರುಗಳ ಎಲೆಯುದುರುವ ಕಾಡು, ಅದರಾಚೆ ಭತ್ತದ ಗದ್ದೆ. ಈ ಸೀಮೆಯ ಸ್ವರೂಪಕ್ಕೆಲ್ಲ ಮಳೆಯೇ ಮೂಲಕಾರಣವಾಗಿದ್ದರೂ, ಇಲ್ಲಿಯ ನಿಸರ್ಗವನ್ನು ಚಿತ್ರಿಸುವ ಕ್ಯಾಮೆರಾಕ್ಕೆ ಮಳೆಗಾಲವು ಬಹುಕಾಲ ನಿಷಿದ್ಧವಾಗಿಯೇ ಉಳಿಯಿತು.

ಈ ಸೀಮೆಯಿರುವ, 1862ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿದ ಉತ್ತರ ಕನ್ನಡ ಜಿಲ್ಲೆಯ ಕೀಟಪ್ರಪಂಚ ಮೊದಲು ವಿವರವಾಗಿ ದಾಖಲಾದದ್ದು ಲೇಖನಿಯಿಂದ. ಕಲೆಕ್ಟರ್ ಡೇವಿಡ್ಸನ್, ಅರಣ್ಯಾಧಿಕಾರಿ ಬೆಲ್, ಉಪ್ಪು-ಸುಂಕದ ಇಲಾಖೆಯ ಏಟ್ಕನ್ ಈ ಮೂವರೂ 1896ರಿಂದ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಜಿಲ್ಲೆಯ ಚಿಟ್ಟೆಗಳನ್ನು ಕುರಿತು ಲೇಖನಮಾಲೆಯೊಂದನ್ನು ಬರೆದರು. ಮರಿಹುಳುಗಳನ್ನು ಸಾಕಿ, ಅವು ಯಾವ ಎಲೆ ತಿಂದು ಹೇಗೆ ಕೋಶ ಕಟ್ಟುವುವೆಂಬುದನ್ನು ನೋಡಿ ತಿಳಿದವರು ಅವರು. ಅಂದಿನ ಛಾಯಾಗ್ರಾಹಕನಿಗಾದರೋ ಮಳೆಗಾಲದಲ್ಲಿ ಕೆಲಸ ಮಾಡುವ ಸ್ವಾತಂತ್ರ್ಯವಿರಲಿಲ್ಲ. 1871ರಲ್ಲಿ ಮ್ಯಾಡಾಕ್ಸನು ಪ್ರಕಟಿಸಿದ ಜೆಲಟಿನ್ ಲೇಪದ ಒಣ ಗಾಜುಫಲಕಗಳು ಪ್ರಯಾಣಕ್ಕೆ ಅನುಕೂಲವಾದುವಾದರೂ, ತೇವದ ಸೆಖೆಯಲ್ಲಿ ಲೇಪವು ಮೆತ್ತಗಾಗಿ ಅಂಚಿನಿಂದ ಏಳುವುದು, ತೊಳೆದ ಫಲಕ ಆರದೆ ಬೂಷ್ಟು ಹಿಡಿಯುವುದು ಸಾಮಾನ್ಯವಾಗಿತ್ತು. ಪಟಿಕದ ನೀರಿನಲ್ಲಿ ಅದ್ದಿ ಗಟ್ಟಿಗೊಳಿಸಿದರೂ ಮರದ ಪೆಟ್ಟಿಗೆ, ಚರ್ಮದ ತಿದಿಗಳನ್ನು ಆಷಾಢದ ಮಳೆಯಿಂದ ಕಾಯುವ ಉಪಾಯ ಬೇರೆಯೇ ಬೇಕಾಗಿತ್ತು.

1956ರಲ್ಲಿ ದಾಂಡೇಲಿ ವನ್ಯಧಾಮದ ಘೋಷಣೆಯಾಗಿ, ಮರಮಟ್ಟಿನ ಲೆಕ್ಕದಲ್ಲಿ ಅಳೆಯಲ್ಪಡುತ್ತಿದ್ದ ಅರಣ್ಯಕ್ಕೆ ಬೇರೊಂದು ಮೌಲ್ಯ ಪ್ರಾಪ್ತವಾಯಿತು. ಮುಂದಿನ ದಶಕಗಳಲ್ಲಿ ಛಾಯಾಗ್ರಾಹಕ ಓ.ಸಿ. ಎಡ್ವರ್ಡ್ಸರ ಶಿಷ್ಯರಾದ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಮೊದಲಾದವರು ಕರ್ನಾಟಕದಲ್ಲಿ ವನ್ಯಜೀವಿ ಛಾಯಾಗ್ರಹಣಕ್ಕೆ ಶಿಸ್ತಿನ ಪರಂಪರೆಯನ್ನು ಹಾಕಿಕೊಟ್ಟರು. ಆದರೆ ಆಗಲೂ ಬೆಳಕಿನ ಬಡತನ ತಪ್ಪಲಿಲ್ಲ. 1974ರಲ್ಲಿ ಬಂದ ಕೊಡಾಕ್ರೋಮ್ 64 ಫಿಲಮಿಗೆ, ಮೋಡ ಕವಿದ ದಟ್ಟ ಕಾಡಿನೊಳಗೆ ಅರ್ಧ ಸೆಕೆಂಡೋ ಒಂದು ಸೆಕೆಂಡೋ ಬೆಳಕುಣಿಸಬೇಕಾಗಿತ್ತು; ಹನಿ ಬಿದ್ದು ಅಲುಗುವ ಎಲೆ ಅಷ್ಟು ಹೊತ್ತು ನಿಲ್ಲುವುದೆಲ್ಲಿ? ಒದ್ದೆ ಎಲೆಯ ಮೇಲಿನ ಬಿಳಿಹೊಳಪನ್ನು ಕಳೆದು ಅಚ್ಚಹಸುರನ್ನು ಹೊರಗೆಡಹುವ ಪೋಲರೈಸರನ್ನು ತೊಡಿಸಿದರಂತೂ ಇದ್ದ ಬೆಳಕಿನಲ್ಲಿಯೂ ಅರ್ಧಕ್ಕಿಂತ ಹೆಚ್ಚು ನಷ್ಟ. ಫಿಲಮಿಗಿಂತ ಐವತ್ತು ಪಟ್ಟು ಸೂಕ್ಷ್ಮವಾಗಿ ಬೆಳಕನ್ನು ಗ್ರಹಿಸಬಲ್ಲ ಡಿಜಿಟಲ್ ಕ್ಯಾಮೆರಾಗಳೂ, ನೀರು ನುಗ್ಗದಂತೆ ರಬ್ಬರಿನಿಂದ ಬಂಧಿಸಿದ ಅವುಗಳ ಕವಚವೂ ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿದುವು; ಸಿಲಿಕಾ ಜೆಲ್ಲಿನ ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟು ಲೆನ್ಸನ್ನು ಬೂಷ್ಟಿನಿಂದ ಕಾಯುವ ಶ್ರಮ ಮಾತ್ರ ಇಂದಿಗೂ ಉಳಿದಿದೆ.

ಈ ಶ್ರಮ ಸಾರ್ಥಕವೆಂಬುದಕ್ಕೆ ಕ್ಯಾಸಲ್‌ರಾಕಿನ ಇರುಳುಗಪ್ಪೆಯೇ ಸಾಕ್ಷಿ. ವಿಜ್ಞಾನಿಗಳಾದ ಇಂದ್ರನೀಲ್ ದಾಸ್ ಮತ್ತು ಕೃಷ್ಣಮೇಘ ಕುಂಟೆಯವರು ಇದನ್ನು ಹೊಸ ಪ್ರಭೇದವೆಂದು ವರ್ಣಿಸಿದ್ದು 2005ರಲ್ಲಿ, ರೈಲು ಈ ಘಟ್ಟವನ್ನಿಳಿಯತೊಡಗಿ ಶತಮಾನವೇ ಕಳೆದ ಮೇಲೆ. ಹಳ್ಳದ ಮೇಲೆ ಬಾಗಿದ ಎಲೆಗೋ ಬಂಡೆಗೋ ಮೊಟ್ಟೆಯಂಟಿಸಿ, ಮರಿಗಳು ಕೆಳಗಿನ ನೀರಿಗೆ ಜಾರುವಂತೆ ಸಂಸಾರ ಹೂಡುವ ಇಂಥ ಜೀವಿಯನ್ನು ಬೇಸಗೆಯಲ್ಲಿ ಹುಡುಕಿದರೆ ಅದರ ಬಾಳಿನ ಬಹುಪಾಲು ಕಾಣದೆಯೇ ಹೋಗುವುದು.

ಆದ್ದರಿಂದ ಉಂಬಳಗಳ ನಡುವೆ ಕೊಡೆ ಹಿಡಿದು ಕಾಯುವ ಛಾಯಾಗ್ರಾಹಕನು ಸೌಂದರ್ಯವನ್ನಷ್ಟೇ ಅರಸಿ ಬಂದವನೆಂದು ಭಾವಿಸಲಾಗದು. 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಕರೆಯಲ್ಪಡುತ್ತಿರುವ ಈ ಅರಣ್ಯದ ಚರಿತ್ರೆಯಲ್ಲಿ ಬಿಟ್ಟುಹೋದ ನಾಲ್ಕು ತಿಂಗಳನ್ನು ತುಂಬಿಸುವ ಹೊಣೆ ಅವನದು. ಮೊಟ್ಟೆಯನ್ನು ಮುಟ್ಟದೆ, ಕಲ್ಲನ್ನು ಕದಲಿಸದೆ ತೆಗೆದ ಚಿತ್ರಕ್ಕೆ ಸ್ಥಳ, ತಿಥಿ, ಮಳೆಯ ಸ್ಥಿತಿಗಳನ್ನು ಬರೆದಿಟ್ಟರೆ, ನಾಳೆ ಆ ಹಳ್ಳ ಬತ್ತಿತೋ ಉಳಿಯಿತೋ ಎಂದು ವಿಚಾರಿಸುವವರಿಗೆ ಅದು ಪ್ರಮಾಣವಾಗಿ ಒದಗುವುದು.