ನಗೋರು ಯಾರು, ನಗಿಸ್ಕೊಳ್ಳೋರು ಯಾರು?

ಇಂಗ್ಲೆಂಡಿನ ಹಾಸ್ಯ ಧಾರಾವಾಹಿ ಅಂದ್ರ ನನಗ ಪಂಚಪ್ರಾಣ. ‘ಮೈಂಡ್ ಯುವರ್ ಲ್ಯಾಂಗ್ವೇಜ್’ ನೀವೂ ನೋಡಿರಬೇಕಲ್ರೀ ವೈನಿ? ಅದು ಶುರುವಾಗಿದ್ದು 1977ರಾಗ. ಲಂಡನ್ನಿನ ಸಂಜಿ ಶಾಲ್ಯಾಗ ನಾನಾ ದೇಶದವ್ರು ಇಂಗ್ಲಿಷ್ ಕಲೀಲಿಕ್ಕೆ ಬರ್ತಾರ, ಬ್ರೌನ್ ಮಾಸ್ತರ್ರು ಕಲಿಸಿ ಕಲಿಸಿ ಹೈರಾಣ ಆಗ್ತಾರ. ಅವ್ರೊಳಗ ನಮ್ಮ ಕಡೆ ಗೃಹಿಣಿ ಜಮೀಲಾ ಒಬ್ಬಾಕಿ. ಇಂಗ್ಲಿಷ್ ಬಾಯಿಗೆ ಬರೂದಿಲ್ಲ, ಕೈಯಾಗಿನ ಹೆಣಿಗಿ ಬಿಡೂದಿಲ್ಲ.

ಈ ಪಾತ್ರ ಮಾಡಿದ ಜಮೀಲಾ ಮ್ಯಾಸಿ ಸಿಮ್ಲಾದಾಗ ಹುಟ್ಟಿದವ್ರು. ಖರೇ ಅಂದ್ರ ಗಂಡನ ಕೂಡ ಭಾರತದ ಸಂಗೀತ, ನೃತ್ಯದ ಮ್ಯಾಲೆ ಇಂಗ್ಲಿಷ್‌ನ್ಯಾಗ ಪುಸ್ತಕ ಬರೆದಾಕಿ! ಆದ್ರ ಟೀವಿಯವ್ರಿಗೆ ಬೇಕಾಗಿದ್ದು ಮಾತು ಬರದ ಹೆಂಗಸು.

ಪರದೇಶದವ್ರನ್ನ ಹಿಂಗ ತೋರಿಸೂದು ಸರಿ ಅಲ್ಲಂತ ವಾಹಿನಿಯ ಮೈಕೆಲ್ ಗ್ರೇಡ್ 1979ರಾಗ ಅದನ್ನ ನಿಲ್ಲಿಸಿದ್ರು.

ಮುಂದ 1998ರಾಗ ಬಿಬಿಸಿ ಟೀವಿಗೆ ‘ಗುಡ್‌ನೆಸ್ ಗ್ರೇಷಿಯಸ್ ಮಿ’ ಬಂತು. ಮೀರಾ ಸ್ಯಾಲ್, ಸಂಜೀವ್ ಭಾಸ್ಕರ್ ಅಂಥ ಅಲ್ಲೇ ಬೆಳೆದ ನಮ್ಮವ್ರೇ ಬರೆದು ನಟಿಸಿದ್ದು. ಅದರಾಗ ಭಾರತದವ್ರು ಇಂಗ್ಲಿಷ್ ಹೋಟೆಲಿಗೆ ಹೋಗಿ, ಎಲ್ಲಾಕ್ಕಿಂತ ಸಪ್ಪನ್ನ ಅಡಗಿ ಯಾವುದದ ಅಂತ ಕೇಳ್ತಾರ!

ಎರಡೂ ನೋಡಿ ನಗ್ರಿ. ನಗೂಮುಂದ, ಆ ಮಾತು ಬರೆದವ್ರು ಯಾರು ಅಂತನೂ ಒಂದೀಟು ನೋಡ್ರಿ.